ಎರಡು ಈಶ್ವರ ಸಂವತ್ಸರಗಳು ಮತ್ತು ಒಂದು ಸಮುದ್ರ

ನಮ್ಮ ಪಂಚಾಂಗದಲ್ಲಿ ಸಂವತ್ಸರಗಳು ಅರವತ್ತು. ಅರವತ್ತು ಮುಗಿದ ಮೇಲೆ ಮತ್ತೆ ಪ್ರಭವದಿಂದ ಶುರು. ಅದರಲ್ಲಿ ಹನ್ನೊಂದನೆಯದು ಈಶ್ವರ.

1877ರ ಯುಗಾದಿಗೆ ಈಶ್ವರ ಸಂವತ್ಸರ ಬಂತು. ಆ ವರ್ಷ ದೂರದ ಪೆಸಿಫಿಕ್ ಸಮುದ್ರ ಭಾರಿ ಬಿಸಿಯಾಯಿತು. 1871ರಿಂದ ಸಿಗುವ ದಾಖಲೆಗಳಲ್ಲಿ ಭಾರತದ ಮುಂಗಾರು ಅತಿ ಕಡಿಮೆ ಸುರಿದದ್ದು ಅದೇ ವರ್ಷ.

1937ರಲ್ಲಿ ಇನ್ನೊಂದು ಈಶ್ವರ ಬಂದು ಹೋಯಿತು. ಆಮೇಲಿನದು 1997ರದ್ದು. ಆ ವರ್ಷವೂ ಪೆಸಿಫಿಕ್ ಬಿಸಿಯಾಯಿತು. ಪೆರು ದೇಶದ ಕಡೆಯ ಸಮುದ್ರದ ನೀರು ವಾಡಿಕೆಗಿಂತ 3 ಡಿಗ್ರಿಗೂ ಹೆಚ್ಚು ಕಾದಿತ್ತು. ಇಪ್ಪತ್ತನೇ ಶತಮಾನದ ಅತಿ ಬಲವಾದ ಎಲ್ ನಿನೋಗಳಲ್ಲಿ ಅದೂ ಒಂದು. ಬರ ಗ್ಯಾರಂಟಿ ಎಂದುಕೊಂಡವರು ಬಹಳ ಜನ. ಆದರೆ ದೇಶದ ಮುಂಗಾರು ವಾಡಿಕೆಯ ಶೇ. 102ರಷ್ಟು ಸುರಿಯಿತು.

ಸಂವತ್ಸರದ ಹೆಸರಿಗೂ ಸಮುದ್ರದ ಬಿಸಿಗೂ ಸಂಬಂಧವಿಲ್ಲ, ಅದು ಬರೀ ಕಾಕತಾಳೀಯ. ಆದರೆ ಈ ಜೋಡಿ ಒಂದು ಒಳ್ಳೆಯ ಪ್ರಶ್ನೆ ಎತ್ತುತ್ತದೆ. ಸಮುದ್ರ ಎರಡು ಸಲವೂ ಕಾಯಿತು. ಒಂದು ಸಲ ನಾಡು ಬರಿದಾಯಿತು, ಇನ್ನೊಂದು ಸಲ ಮಳೆ ಬಂತು. ಯಾಕೆ?

ಈಗ ಇದಕ್ಕೆ ಎರಡನೇ ಪ್ರಶ್ನೆಯೂ ಸೇರಿದೆ. ಕಲ್ಲಿದ್ದಲು, ಡೀಸೆಲ್ ಹೊಗೆಯಿಂದ ಸಮುದ್ರ ವರ್ಷ ವರ್ಷ ಕಾಯುತ್ತಿದೆ. ಅದರಲ್ಲಿ ಸಮುದ್ರದ ಸ್ವಂತ ಏರಿಳಿತ ಎಷ್ಟು, ನಾವು ಮಾಡಿದ ಬಿಸಿ ಎಷ್ಟು? ಭದ್ರಾ ನಾಲೆ ನೀರು ನಂಬಿ ಭತ್ತ ಹಾಕುವವರಿಗೂ, ಆಕಾಶ ನೋಡಿ ಮೆಕ್ಕೆಜೋಳ ಬಿತ್ತುವವರಿಗೂ ಈ ಪ್ರಶ್ನೆ ದೂರದ್ದಲ್ಲ. ಇದಕ್ಕೆ ಉತ್ತರ ಹುಡುಕಲು ಮನುಷ್ಯರು ಕಂಪ್ಯೂಟರಿನೊಳಗೆ ಒಂದು ಸಮುದ್ರ ಕಟ್ಟಿದರು. ಆ ಇತಿಹಾಸವೇ ಈ ಬರಹ.

ಧಾತು, ಈಶ್ವರ ಬರ

1876 ಧಾತು ಸಂವತ್ಸರ. ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟದ್ದು ಆ ವರ್ಷವೇ. ಮರುವರ್ಷ ಈಶ್ವರದಲ್ಲಿ ದೇಶದ ಬಹುಭಾಗ ಒಣಗಿತು. ದಾವಣಗೆರೆ, ಹರಿಹರ ಆಗ ಮೈಸೂರು ಪ್ರಾಂತ್ಯದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಪ್ರಾಂತ್ಯ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು.

1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50.55 ಲಕ್ಷ. 1881ರಲ್ಲಿ 41.86 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನ ಸುಮಾರು ಒಂಬತ್ತು ಲಕ್ಷದಷ್ಟು ಕಡಿಮೆಯಾಗಿದ್ದರು. ಹಸಿವು, ಅದರ ಹಿಂದೆ ಬಂದ ಕಾಲರಾ, ಜ್ವರ, ಊರು ಬಿಟ್ಟು ಹೋದದ್ದು ಎಲ್ಲವೂ ಆ ಲೆಕ್ಕದಲ್ಲಿವೆ.

ಮಳೆ ಬಾರದ್ದಕ್ಕೆ ಸಮುದ್ರ, ಗಾಳಿ ಕಾರಣ. ಅಷ್ಟು ಜನ ಸತ್ತದ್ದಕ್ಕೆ ಆಡಳಿತವೂ ಕಾರಣ. ಜನ ಹಸಿದಿದ್ದಾಗಲೇ ಭಾರತದ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಿತ್ತು. ಇದನ್ನು ಮರೆತು ಬರೀ ಹವಾಮಾನದ ಕಥೆ ಹೇಳಿದರೆ ಅದು ಅರ್ಧ ಕಥೆ.

ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ, ಬರಕ್ಕೆ ಒಂದೇ ವರ್ಷ ಮೊದಲು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್. ಬರ ಮುಗಿದ ಮೇಲೆ ಸರ್ಕಾರ ಇಲಾಖೆಯನ್ನು ಕೇಳಿತು: ಮಳೆ ಬರುತ್ತೋ ಇಲ್ಲವೋ ಮೊದಲೇ ಹೇಳಬಹುದೇ? ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆ ಎಂದು ಬ್ಲಾನ್‌ಫೋರ್ಡ್ ಗಮನಿಸಿದ್ದ. ಅದರ ಆಧಾರದಲ್ಲಿ 1886ರಿಂದ ಮುಂಗಾರು ಮುನ್ಸೂಚನೆ ಕ್ರಮವಾಗಿ ಬರತೊಡಗಿತು.

ಗಣಿತದ ಮೇಷ್ಟ್ರು ಕಂಡ ತಕ್ಕಡಿ

1904ರಲ್ಲಿ ಇಲಾಖೆಗೆ ಹೊಸ ಮುಖ್ಯಸ್ಥ ಬಂದ. ಹೆಸರು ಗಿಲ್ಬರ್ಟ್ ವಾಕರ್. ಕೇಂಬ್ರಿಜ್‌ನ ಗಣಿತ ಪಂಡಿತ. ಹವಾಮಾನದಲ್ಲಿ ತರಬೇತಿ ಇರಲಿಲ್ಲ. ಆದರೆ ಲೆಕ್ಕ ಬರುತ್ತಿತ್ತು.

ಪ್ರಪಂಚದ ಎಲ್ಲ ಕಡೆಯ ಮಳೆ, ಬಿಸಿಲು, ಗಾಳಿಯ ಒತ್ತಡದ ಅಂಕಿಗಳನ್ನು ತರಿಸಿದ. ಕಂಪ್ಯೂಟರ್ ಇಲ್ಲದ ಕಾಲ. ಇಲಾಖೆಯ ಭಾರತೀಯ ಗುಮಾಸ್ತರು ವರ್ಷಗಟ್ಟಲೆ ಕೂತು ಕೈಯಿಂದಲೇ ಕೂಡಿ ಕಳೆದರು.

ಆ ಅಂಕಿಗಳಲ್ಲಿ ಒಂದು ತಕ್ಕಡಿ ಕಂಡಿತು. ಪೆಸಿಫಿಕ್ ಕಡೆ ಗಾಳಿಯ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ. ಅದು ಇಳಿದರೆ ಇದು ಏರುತ್ತದೆ. 1924ರಲ್ಲಿ ವಾಕರ್ ಇದಕ್ಕೆ ‘ದಕ್ಷಿಣದ ತೂಗಾಟ’ ಎಂಬ ಅರ್ಥದ ಹೆಸರಿಟ್ಟ. ಈ ತೂಗಾಟಕ್ಕೂ ನಮ್ಮ ಮುಂಗಾರಿಗೂ ನಂಟಿದೆ ಎಂದೂ ತೋರಿಸಿದ.

ಆದರೆ ಯಾಕೆ ತೂಗುತ್ತದೆ ಎಂದು ಹೇಳಲು ಅವನಿಗೆ ಆಗಲಿಲ್ಲ. ಕಾರಣ ಗೊತ್ತಿಲ್ಲದ ಲೆಕ್ಕಕ್ಕೆ ಒಂದು ಕಷ್ಟವಿದೆ. ಕೆಲವು ದಶಕ ಹೊಂದುತ್ತದೆ, ಆಮೇಲೆ ಹೊಂದುವುದಿಲ್ಲ. ವಾಕರ್ ಸೂತ್ರಗಳಿಗೂ ಹಾಗೇ ಆಯಿತು.

ಗಾಳಿ ಸಮುದ್ರವನ್ನು ತಳ್ಳುತ್ತದೆ, ಸಮುದ್ರ ಗಾಳಿಯನ್ನು ಎಳೆಯುತ್ತದೆ

ಪೆರು ದೇಶದ ಮೀನುಗಾರರಿಗೆ ಒಂದು ವಿಷಯ ಹಳೆಯದು. ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಸಮುದ್ರ ಬೆಚ್ಚಗಾಗುತ್ತದೆ, ಮೀನು ಸಿಗುವುದಿಲ್ಲ. ಬಾಲ ಏಸುವಿನ ನೆನಪಿಗೆ ಅದನ್ನು ‘ಎಲ್ ನಿನೋ’ ಎಂದರು. ಸ್ಪ್ಯಾನಿಷ್‌ನಲ್ಲಿ ಹುಡುಗ ಎಂದರ್ಥ.

ಮೀನುಗಾರರ ಎಲ್ ನಿನೋ, ವಾಕರ್‌ನ ತಕ್ಕಡಿ ಎರಡೂ ಒಂದೇ ಎಂದು 1969ರಲ್ಲಿ ವಿವರಿಸಿದವರು ಜಾಕೋಬ್ ಬ್ಯರ್ಕ್‌ನೆಸ್ ಎಂಬ ವಿಜ್ಞಾನಿ. ಅವರ ವಿವರಣೆ ಹೀಗಿದೆ.

ಭೂಮಧ್ಯರೇಖೆಯ ಹತ್ತಿರ ಪೆಸಿಫಿಕ್ ಮೇಲೆ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಬಿಸಿನೀರನ್ನು ತಳ್ಳಿ ಇಂಡೋನೇಷ್ಯಾ ಕಡೆ ಗುಡ್ಡೆ ಹಾಕುತ್ತದೆ. ಪೆರು ಕಡೆ ಆಳದಿಂದ ತಣ್ಣೀರು ಮೇಲೆ ಬರುತ್ತದೆ. ಬಿಸಿನೀರು ಇದ್ದ ಕಡೆ ಮೋಡ, ಮಳೆ.

ಯಾವುದೋ ಕಾರಣಕ್ಕೆ ಗಾಳಿ ಸಡಿಲವಾದರೆ ಬಿಸಿನೀರು ಪೂರ್ವಕ್ಕೆ ಜಾರುತ್ತದೆ. ಪೂರ್ವ ಬೆಚ್ಚಗಾದರೆ ಗಾಳಿ ಇನ್ನೂ ಸಡಿಲವಾಗುತ್ತದೆ. ಆಗ ಇನ್ನಷ್ಟು ಬಿಸಿನೀರು ಜಾರುತ್ತದೆ. ಒಂದಕ್ಕೊಂದು ಕುಮ್ಮಕ್ಕು. ಮೋಡಗಳೂ ಪೂರ್ವಕ್ಕೆ ಸರಿಯುತ್ತವೆ. ಆಗ ನಮ್ಮ ಕಡೆ ಗಾಳಿ ಮೇಲೇರದೆ ಕೆಳಗಿಳಿಯುತ್ತದೆ. ಕೆಳಗಿಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದು ಕಷ್ಟ.

ಎಲ್ ನಿನೋ ವರ್ಷಗಳಲ್ಲಿ ಭಾರತದ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚು ಎಂದು 1980ರಲ್ಲಿ ಡಿ.ಆರ್. ಸಿಕ್ಕಾ ತೋರಿಸಿದರು.

ಕಂಪ್ಯೂಟರಿನೊಳಗಿನ ಸಮುದ್ರ

ಇದೇ ಹೊತ್ತಿಗೆ ಅಮೆರಿಕದಲ್ಲಿ ಜಪಾನ್ ಮೂಲದ ಸ್ಯುಕುರೊ ಮನಾಬೆ ಇನ್ನೊಂದು ದಾರಿ ಹಿಡಿದಿದ್ದರು. ಹಳೆಯ ಅಂಕಿಗಳಲ್ಲಿ ನಂಟು ಹುಡುಕುವುದರ ಬದಲು, ಗಾಳಿ ಮತ್ತು ನೀರು ಪಾಲಿಸುವ ಭೌತಶಾಸ್ತ್ರದ ನಿಯಮಗಳನ್ನೇ ಕಂಪ್ಯೂಟರಿಗೆ ಕೊಡುವುದು. ಇದೇ ಹವಾಮಾನ ಮಾಡೆಲ್.

ಕೆಲಸ ಹೀಗೆ ನಡೆಯುತ್ತದೆ. ಭೂಮಿಯನ್ನೆಲ್ಲ ಚೌಕ ಚೌಕವಾಗಿ ಭಾಗ ಮಾಡುತ್ತಾರೆ. ಪ್ರತಿ ಚೌಕದ ಮೇಲೆ ಗಾಳಿಯ ಪದರಗಳು, ಕೆಳಗೆ ಸಮುದ್ರದ ಪದರಗಳು. ಪ್ರತಿ ಪೆಟ್ಟಿಗೆಯಲ್ಲೂ ಬಿಸಿ, ತೇವ, ಗಾಳಿ, ನೀರಿನ ಹರಿವು ಎಷ್ಟು ಎಂದು ಬರೆದುಕೊಂಡು, ಸ್ವಲ್ಪ ಹೊತ್ತಿನ ನಂತರ ಅಕ್ಕಪಕ್ಕದ ಪೆಟ್ಟಿಗೆಗಳಿಂದ ಎಷ್ಟು ಬಂತು, ಎಷ್ಟು ಹೋಯಿತು ಎಂದು ಲೆಕ್ಕ ಹಾಕುತ್ತಾರೆ. ಹೀಗೇ ಮುಂದೆ ಮುಂದೆ, ನೂರು ವರ್ಷದವರೆಗೆ.

1967ರಲ್ಲಿ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಒಂದು ಸರಳ ಮಾಡೆಲ್‌ನಿಂದ ಲೆಕ್ಕ ಹಾಕಿದರು: ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ ಭೂಮಿ ಸುಮಾರು 2.3 ಡಿಗ್ರಿ ಕಾಯುತ್ತದೆ. 1969ರಲ್ಲಿ ಮನಾಬೆ, ಕರ್ಕ್ ಬ್ರಯನ್ ಜೊತೆ ಸೇರಿ, ಗಾಳಿಯ ಮಾಡೆಲ್‌ಗೆ ಸಮುದ್ರದ ಮಾಡೆಲ್ ಜೋಡಿಸಿದರು. ಅದರಲ್ಲಿ ಖಂಡಗಳ ನಿಜವಾದ ಆಕಾರವೂ ಇರಲಿಲ್ಲ. ಆದರೂ ದಾರಿ ತೆರೆಯಿತು. 2021ರಲ್ಲಿ ಮನಾಬೆಗೆ ನೊಬೆಲ್ ಬಂತು.

ಮೊದಲ ದಶಕಗಳ ಮಾಡೆಲ್‌ಗಳು ಹಟಮಾರಿ. ಸುಮ್ಮನೆ ಓಡಿಸಿದರೆ ಅವುಗಳ ಸಮುದ್ರ ತನ್ನಷ್ಟಕ್ಕೆ ಎತ್ತಲೋ ಸರಿದು ಹೋಗುತ್ತಿತ್ತು. ಅದನ್ನು ತಡೆಯಲು ವಿಜ್ಞಾನಿಗಳು ಬಿಸಿಯ ಲೆಕ್ಕದಲ್ಲಿ ಕೃತಕ ತಿದ್ದುಪಡಿ ಹಾಕುತ್ತಿದ್ದರು. 2000ದ ಆಸುಪಾಸಿನಲ್ಲಿ ಬಹುಪಾಲು ಮಾಡೆಲ್‌ಗಳು ಆ ಊರುಗೋಲು ಬಿಟ್ಟವು.

ಎಲ್ ನಿನೋ ವಿಷಯದಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಮಾರ್ಕ್ ಕೇನ್ ಮತ್ತು ಸ್ಟೀಫನ್ ಜೆಬಿಯಾಕ್. ಅವರು ಕಟ್ಟಿದ್ದು ಉಷ್ಣವಲಯದ ಪೆಸಿಫಿಕ್ ಮಾತ್ರ ಇದ್ದ ಚಿಕ್ಕ ಮಾಡೆಲ್. ಹೊರಗಿನಿಂದ ಏನೂ ತಳ್ಳದಿದ್ದರೂ ಅದರಲ್ಲಿ ಕೆಲವು ವರ್ಷಕ್ಕೊಮ್ಮೆ ಎಲ್ ನಿನೋ ತಾನಾಗಿ ಹುಟ್ಟುತ್ತಿತ್ತು. ಇಂಥ ತೂಗಾಟಕ್ಕೆ ಸಮುದ್ರ ಮತ್ತು ಗಾಳಿಯ ಜೋಡಿಯೇ ಸಾಕು ಎಂದು ಇದರಿಂದ ತಿಳಿಯಿತು. 1986ರಲ್ಲಿ ಎಲ್ ನಿನೋ ಬರುತ್ತದೆ ಎಂದು ಇದೇ ಮಾಡೆಲ್ ಮುಂದಾಗಿ ಹೇಳಿತು, ಬಂತು ಕೂಡ.

ಕೆರೆಯ ಲೆಕ್ಕ

ಸಮುದ್ರದ ಸ್ವಂತ ಏರಿಳಿತ ಹೇಗೆ ಹುಟ್ಟುತ್ತದೆ? ಮನಾಬೆ ಜೊತೆ ನೊಬೆಲ್ ಹಂಚಿಕೊಂಡ ಜರ್ಮನಿಯ ಕ್ಲಾಸ್ ಹಾಸೆಲ್‌ಮನ್ 1976ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ನಮ್ಮ ಸೂಳೆಕೆರೆಯನ್ನು ಇಟ್ಟುಕೊಂಡು ಅದನ್ನು ಅರ್ಥ ಮಾಡಿಕೊಳ್ಳಬಹುದು.

ಮಳೆ ದಿನಕ್ಕೊಂದು ಥರ. ಇವತ್ತು ಜೋರು, ನಾಳೆ ಇಲ್ಲ. ಆದರೆ ಕೆರೆಯ ನೀರಿನ ಮಟ್ಟ ದಿನಕ್ಕೊಂದು ಥರ ಕುಣಿಯುವುದಿಲ್ಲ. ದಿನದಿನದ ಏರುಪೇರನ್ನು ಕೂಡಿಸಿಕೊಂಡು ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಒಂದೆರಡು ವರ್ಷದ ಕೆರೆ ಮಟ್ಟ ನೋಡಿದವರಿಗೆ ಮಳೆಯೇ ಶಾಶ್ವತವಾಗಿ ಬದಲಾಯಿತು ಎನಿಸಬಹುದು. ನಿಜದಲ್ಲಿ ಅದು ಅದೃಷ್ಟದ ದಿನಗಳ ಮೊತ್ತವಿರಬಹುದು.

ಸಮುದ್ರ ದೊಡ್ಡ ಕೆರೆ. ಮೇಲಿನ ಗಾಳಿಯ ದಿನನಿತ್ಯದ ಚಂಚಲತೆಯನ್ನು ಅದು ವರ್ಷಗಳ, ದಶಕಗಳ ಏರಿಳಿತವನ್ನಾಗಿ ಮಾಡುತ್ತದೆ. ಹಾಗಾಗಿ ಹತ್ತಿಪ್ಪತ್ತು ವರ್ಷ ಸಮುದ್ರ ಕಾದರೆ ‘ಇದೆಲ್ಲ ಹೊಗೆಯಿಂದಲೇ’ ಎನ್ನುವುದೂ ಅವಸರ. ಹತ್ತಿಪ್ಪತ್ತು ವರ್ಷ ಕಾಯದಿದ್ದರೆ ‘ತಾಪಮಾನ ಏರಿಕೆ ಸುಳ್ಳು’ ಎನ್ನುವುದೂ ಅವಸರ.

ಬೆಂಗಳೂರಿನಲ್ಲಿ ಬಿಚ್ಚಿದ ಗಂಟು

ಈಗ 1997ರ ಒಗಟಿಗೆ ಬರೋಣ. ಇದರಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಜಾಗದಲ್ಲಿ, ವಾತಾವರಣ ವಿಜ್ಞಾನದ ಕೇಂದ್ರ ಶುರುವಾಯಿತು. ಅದನ್ನು ಬೆಳೆಸಿದವರಲ್ಲಿ ಸುಲೋಚನಾ ಗಾಡ್ಗೀಳ್ ಪ್ರಮುಖರು. ಪಾವಗಡ, ಅನಂತಪುರ ಭಾಗದ ಶೇಂಗಾ ಬೆಳೆಗೆ ಯಾವಾಗ ಬಿತ್ತಿದರೆ ನಷ್ಟ ಕಡಿಮೆ ಎಂದು ಅಧ್ಯಯನ ಮಾಡಿದವರೂ ಇವರೇ.

1999ರಲ್ಲಿ ಸಾಜಿ, ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್ ಮತ್ತು ಜಪಾನಿನ ಯಮಗಾಟ ಒಂದು ಸಂಗತಿ ಪ್ರಕಟಿಸಿದರು. ಪೆಸಿಫಿಕ್‌ನ ಹಾಗೆ ಹಿಂದೂ ಮಹಾಸಾಗರಕ್ಕೂ ತನ್ನದೇ ತಕ್ಕಡಿ ಇದೆ. ಕೆಲವು ವರ್ಷ ಆಫ್ರಿಕಾ ಕಡೆಯ ನೀರು ಬಿಸಿ, ಸುಮಾತ್ರ ಕಡೆ ತಣ್ಣಗೆ. ಕೆಲವು ವರ್ಷ ಉಲ್ಟಾ. ಇದಕ್ಕೆ ಡೈಪೋಲ್ ಎಂದು ಹೆಸರು. 2004ರಲ್ಲಿ ಗಾಡ್ಗೀಳ್ ತಂಡ ಈ ಸಮುದ್ರದ ಮೇಲಿನ ಮೋಡ, ಗಾಳಿಯ ತೂಗಾಟವನ್ನೂ ಎಲ್ ನಿನೋವನ್ನೂ ಒಟ್ಟಿಗೆ ನೋಡಿದರೆ ಭಾರತದ ಬರ ಮತ್ತು ಅತಿವೃಷ್ಟಿಯ ವರ್ಷಗಳು ಹೆಚ್ಚು ಚೆನ್ನಾಗಿ ಅರ್ಥವಾಗುತ್ತವೆ ಎಂದು ತೋರಿಸಿತು.

1997ರಲ್ಲಿ ಪೆಸಿಫಿಕ್ ನಮಗೆ ವಿರುದ್ಧವಿತ್ತು, ಹಿಂದೂ ಮಹಾಸಾಗರ ನಮ್ಮ ಕಡೆ ಇತ್ತು. 2002ರಲ್ಲಿ ಎಲ್ ನಿನೋ ಸಾಧಾರಣದ್ದು, ಆದರೆ ಹಿಂದೂ ಮಹಾಸಾಗರವೂ ಕೈಬಿಟ್ಟಿತು. ಆ ಜುಲೈನಲ್ಲಿ ದೇಶಕ್ಕೆ ವಾಡಿಕೆಯ ಅರ್ಧದಷ್ಟು ಮಳೆಯೂ ಸರಿಯಾಗಿ ಬೀಳಲಿಲ್ಲ. ಇಲಾಖೆ ಶೇ. 101 ಎಂದಿತ್ತು, ಬಂದದ್ದು ಶೇ. 81.

ಒಗಟು ಬಿಡಿಸಿತು ಎಂದುಕೊಳ್ಳುವಷ್ಟರಲ್ಲಿ 1877 ಅಡ್ಡ ಬರುತ್ತದೆ. ಆ ಕಾಲದ ಹಡಗುಗಳ ನಾವಿಕರು ಬಕೆಟ್‌ನಲ್ಲಿ ಸಮುದ್ರದ ನೀರು ಎತ್ತಿ ಥರ್ಮಾಮೀಟರ್ ಇಟ್ಟು ದಾಖಲೆ ಬರೆಯುತ್ತಿದ್ದರು. ಅಂಥ ದಾಖಲೆಗಳಿಂದ ಹಿಂದಿನ ಸಮುದ್ರವನ್ನು ಮತ್ತೆ ಚಿತ್ರಿಸಿದಾಗ, 1877ರಲ್ಲೂ ಆಫ್ರಿಕಾ ಕಡೆಯ ಹಿಂದೂ ಮಹಾಸಾಗರ ಬಿಸಿಯಾಗಿಯೇ ಇತ್ತು ಎಂದು ಕಾಣುತ್ತದೆ. ಆದರೂ ಮಳೆ ಬರಲಿಲ್ಲ. ದಕ್ಷಿಣದಲ್ಲಂತೂ ಬರ ಶುರುವಾಗಿದ್ದು 1876ರಲ್ಲಿ, ಎಲ್ ನಿನೋ ಪೂರ್ತಿ ಬಲಿಯುವ ಮೊದಲೇ.

ಸಮುದ್ರ ಮಳೆಯ ಸಾಧ್ಯತೆಯನ್ನು ವಾಲಿಸುತ್ತದೆ. ಆದರೆ ತೀರ್ಪು ಕೊಡುವುದಿಲ್ಲ. ಒಂದೇ ಥರದ ಸಮುದ್ರದ ಮೇಲೆ ಎರಡು ಥರದ ಮುಂಗಾರು ಬರಬಹುದು.

ನಲವತ್ತು ತಾಕುಗಳು

ಇಲ್ಲಿಯೇ ಮಾಡೆಲ್‌ನ ದೊಡ್ಡ ಉಪಯೋಗ. ನಿಜವಾದ ಇತಿಹಾಸ ಒಂದೇ ಸಲ ನಡೆಯುತ್ತದೆ. 1997ನ್ನು ಮತ್ತೆ ಓಡಿಸಿ ನೋಡಲಾಗದು. ಮಾಡೆಲ್‌ನಲ್ಲಿ ಓಡಿಸಬಹುದು.

ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಸ ತಳಿ ಪರೀಕ್ಷೆ ಮಾಡುವಾಗ ಒಂದೇ ತಾಕಿನಲ್ಲಿ ಬಿತ್ತಿ ತೀರ್ಮಾನ ಮಾಡುವುದಿಲ್ಲ. ಹಲವು ತಾಕುಗಳಲ್ಲಿ ಅದೇ ಬೀಜ, ಅದೇ ಗೊಬ್ಬರ ಹಾಕುತ್ತಾರೆ. ತಾಕಿನಿಂದ ತಾಕಿಗೆ ಬರುವ ವ್ಯತ್ಯಾಸ ಅದೃಷ್ಟದ್ದು. ಎಲ್ಲ ತಾಕುಗಳಲ್ಲೂ ಸಮನಾಗಿ ಕಾಣುವುದು ತಳಿಯ ಗುಣ.

ಅಮೆರಿಕದ ಒಂದು ಸಂಶೋಧನಾ ಕೇಂದ್ರ 2015ರಲ್ಲಿ ಇದನ್ನೇ ಮಾಡಿತು. ಒಂದೇ ಮಾಡೆಲ್, ಒಂದೇ ಪ್ರಮಾಣದ ಹೊಗೆ. ಆದರೆ ಶುರುವಿನ ಗಾಳಿಯ ತಾಪಮಾನದಲ್ಲಿ ಯಾವ ಉಪಕರಣಕ್ಕೂ ಸಿಗದಷ್ಟು ಸಣ್ಣ ವ್ಯತ್ಯಾಸ ಇಟ್ಟು ನಲವತ್ತರಷ್ಟು ಸಲ ಓಡಿಸಿದರು. ಪ್ರತಿ ಓಟದಲ್ಲೂ ಎಲ್ ನಿನೋ ಬೇರೆ ಬೇರೆ ವರ್ಷ ಬಂತು. ಓಟಗಳ ನಡುವಿನ ವ್ಯತ್ಯಾಸ ಪ್ರಕೃತಿಯ ಸ್ವಂತ ಏರಿಳಿತ. ಎಲ್ಲ ಓಟಗಳಲ್ಲೂ ಉಳಿದದ್ದು ಹೊಗೆಯ ಪಾಲು.

ಹಿಂದೂ ಮಹಾಸಾಗರದ ವಿಷಯದಲ್ಲಿ ಉತ್ತರ ಸ್ಪಷ್ಟ. 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಕಾದಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಪ್ರಪಂಚದ ಎಲ್ಲ ಸಮುದ್ರಗಳ ಸರಾಸರಿ ಇದೇ ಅವಧಿಯಲ್ಲಿ ಸುಮಾರು 0.7 ಡಿಗ್ರಿ. ಹೊಗೆ ಇಲ್ಲದ ಓಟಗಳಲ್ಲಿ ಇಷ್ಟು ಬಿಸಿ ಬರುವುದಿಲ್ಲ, ಹೊಗೆ ಹಾಕಿದರೆ ಬರುತ್ತದೆ.

ಮಾಡೆಲ್ ಎಡವಿದ ಜಾಗ

ಪೆಸಿಫಿಕ್‌ನಲ್ಲಿ ಕಥೆ ಬೇರೆ. ಭೂಮಧ್ಯರೇಖೆಯ ಪೂರ್ವ ಪೆಸಿಫಿಕ್, ಅಂದರೆ ಎಲ್ ನಿನೋ ಹುಟ್ಟುವ ಜಾಗ, ಕಾಯಬೇಕು ಎಂದು ಬಹುಪಾಲು ಮಾಡೆಲ್‌ಗಳು ಹೇಳುತ್ತವೆ. ಆದರೆ 1980ರ ಈಚೆಗಿನ ದಶಕಗಳಲ್ಲಿ ಅದು ಕಾಯಲಿಲ್ಲ, ಕೆಲವು ಕಡೆ ತುಸು ತಣ್ಣಗಾಗಿದೆ. ಪಶ್ಚಿಮ ಮಾತ್ರ ಕಾದಿದೆ.

ವಿಜ್ಞಾನಿಗಳಲ್ಲಿ ಇಲ್ಲಿ ಎರಡು ವಾದ. ಒಂದು: ಇದು ಸಮುದ್ರದ ಸ್ವಂತ ತೂಗಾಟ, ಮುಂದೆ ತಿರುಗುತ್ತದೆ. ಇನ್ನೊಂದು: ಮಾಡೆಲ್‌ಗಳಲ್ಲೇ ದೋಷವಿದೆ. ಪೂರ್ವ ಪೆಸಿಫಿಕ್‌ನ ತಣ್ಣೀರಿನ ನಾಲಗೆ ಅವುಗಳಲ್ಲಿ ನಿಜಕ್ಕಿಂತ ಹೆಚ್ಚು ತಣ್ಣಗೆ, ಪಶ್ಚಿಮಕ್ಕೆ ಹೆಚ್ಚು ಚಾಚಿರುತ್ತದೆ. ಆ ತಪ್ಪಿನಿಂದ ಮುಂದಿನ ಲೆಕ್ಕವೂ ವಾಲುತ್ತದೆ. 2019ರಲ್ಲಿ ರಿಚರ್ಡ್ ಸೀಗರ್ ತಂಡ ಎರಡನೆಯ ವಾದ ಮುಂದಿಟ್ಟಿತು. ಚರ್ಚೆ ಇನ್ನೂ ಮುಗಿದಿಲ್ಲ.

ಇದು ಪಂಡಿತರ ಜಗಳ ಮಾತ್ರವಲ್ಲ. ಮುಂದಿನ ಮೂವತ್ತು ವರ್ಷ ಪೆಸಿಫಿಕ್ ಯಾವ ಕಡೆ ವಾಲುತ್ತದೆ ಎಂಬುದರ ಮೇಲೆ ನಮ್ಮ ಕಡೆಯ ಬರಗಾಲಗಳ ಎಣಿಕೆ ನಿಂತಿದೆ. 2021ರ ಐಪಿಸಿಸಿ ವರದಿಯೂ ಎಲ್ ನಿನೋ ಸಮಯದ ಸಮುದ್ರದ ಬಿಸಿಯ ಏರಿಳಿತ ಹೆಚ್ಚುತ್ತದೋ ಇಲ್ಲವೋ ಎಂಬುದರಲ್ಲಿ ಮಾಡೆಲ್‌ಗಳಿಗೆ ಒಮ್ಮತವಿಲ್ಲ ಎಂದಿದೆ. ಆದರೆ ಎಲ್ ನಿನೋ ಜೊತೆ ಬರುವ ಮಳೆಯ ಏರುಪೇರು ದೊಡ್ಡದಾಗುವ ಸಾಧ್ಯತೆ ಬಹಳ ಹೆಚ್ಚು ಎಂದೂ ಹೇಳಿದೆ.

ಆ ವರದಿಗಾಗಿ ಎಲ್ಲ ದೇಶಗಳ ಮಾಡೆಲ್‌ಗಳಿಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಉತ್ತರ ಹೋಲಿಸುತ್ತಾರೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಕಟ್ಟಿದ ಭಾರತದ ಮಾಡೆಲ್ ಮೊದಲ ಬಾರಿಗೆ ಆ ಪರೀಕ್ಷೆಗೆ ಕೂತದ್ದು ಈ ಸುತ್ತಿನಲ್ಲೇ.

ನಮ್ಮ ಹೊಲಕ್ಕೆ ಬಂದರೆ

ಕೆ.ಬಿ. ಬಡಾವಣೆಯಿಂದ ಸಮುದ್ರ ನೂರೈವತ್ತು ಕಿ.ಮೀ.ಗೂ ದೂರ. ನಡುವೆ ಪಶ್ಚಿಮಘಟ್ಟ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಮಳೆ, ದಾವಣಗೆರೆ, ಹರಿಹರದಲ್ಲಿ ಆರೇಳು ನೂರು ಮಿ.ಮೀ. ಪುಣೆಯ ಆ ಮಾಡೆಲ್‌ನಲ್ಲಿ ಗಾಳಿಯ ಒಂದು ಚೌಕ ಸುಮಾರು ಇನ್ನೂರು ಕಿ.ಮೀ. ಅಂದರೆ ಆಗುಂಬೆ, ದಾವಣಗೆರೆ ಒಂದೇ ಚೌಕದಲ್ಲಿ ಬೀಳಬಹುದು. ಘಟ್ಟ ಅದರಲ್ಲಿ ಚಪ್ಪಟೆ. ‘2050ಕ್ಕೆ ನಿಮ್ಮ ತಾಲ್ಲೂಕಿನಲ್ಲಿ ಇಷ್ಟೇ ಮಳೆ’ ಎಂದು ಯಾರಾದರೂ ಒಂದೇ ಮಾಡೆಲ್ ತೋರಿಸಿ ಹೇಳಿದರೆ ಹುಷಾರಾಗಿರಿ.

ಜಿಲ್ಲೆಯ ಭತ್ತಕ್ಕೆ ಬೇಕಾದ ಮಳೆ ಬೀಳುವುದು ಚಿಕ್ಕಮಗಳೂರಿನ ಘಟ್ಟದಲ್ಲಿ. ಅಲ್ಲಿಂದ ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ, ಅಲ್ಲಿಂದ ನಾಲೆಗೆ. ಮೆಕ್ಕೆಜೋಳಕ್ಕೆ ಬೇಕಾದದ್ದು ಹೊಲದ ಮೇಲೇ ಬೀಳಬೇಕು. ಒಂದೇ ಸಮುದ್ರ ಎರಡಕ್ಕೂ ಬೇರೆ ಬೇರೆ ಮಾತು ಹೇಳಬಹುದು.

2023 ನೆನಪಿದೆಯಲ್ಲ? ಎಲ್ ನಿನೋ ಬಂತು. ಹಿಂದೂ ಮಹಾಸಾಗರ ಕೈಹಿಡಿಯುತ್ತದೆ ಎಂದರು, ಡೈಪೋಲ್ ಬಂತು ಕೂಡ. ಆದರೆ ಆ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಮುಂಗಾರು ಒಟ್ಟು ಶೇ. 94. ದೇಶದ ಲೆಕ್ಕದಲ್ಲಿ ಅದು ಸಣ್ಣ ಕೊರತೆ. ಕರ್ನಾಟಕದಲ್ಲಿ 236ರಲ್ಲಿ 223 ತಾಲ್ಲೂಕು ಬರಪೀಡಿತ. ಭದ್ರೆ ತುಂಬಲಿಲ್ಲ. ನಾಲೆ ನೀರಿಗಾಗಿ ರೈತರು ಬೀದಿಗಿಳಿದರು, ಕೊನೇ ಭಾಗದವರಿಗೆ ಪೆಟ್ಟು ಜಾಸ್ತಿ.

ಇಷ್ಟು ಇತಿಹಾಸ ಓದಿದ ಮೇಲೆ, ಮುಂದಿನ ಸಲ ಮೊಬೈಲಿನಲ್ಲಿ ‘ಎಲ್ ನಿನೋ ಬರ್ತಿದೆ, ಬರ ಖಚಿತ’ ಎಂಬ ಸುದ್ದಿ ಬಂದರೆ ಮೂರು ವಿಷಯ ಕೇಳಿಕೊಳ್ಳಿ. ಹಿಂದೂ ಮಹಾಸಾಗರ ಹೇಗಿದೆ? ಇದು ಒಂದು ಓಟದ ಮಾತೋ, ಹಲವು ಓಟಗಳಲ್ಲಿ ಎಷ್ಟು ಪಾಲು ಹೀಗೆ ಹೇಳುತ್ತವೆ ಎಂಬ ಮಾತೋ? ಹೇಳುತ್ತಿರುವುದು ಇಡೀ ದೇಶದ ಲೆಕ್ಕವೋ, ನಮ್ಮ ಘಟ್ಟದ ಲೆಕ್ಕವೋ?

ಹತ್ತರಲ್ಲಿ ಏಳು ಓಟ ಕೊರತೆ ಎಂದರೆ, ಮೂರು ಓಟ ಮಳೆ ಎಂದೂ ಅರ್ಥ. ಅಂಥ ವರ್ಷ ಪೂರ್ತಿ ಹೊಲಕ್ಕೆ ಒಂದೇ ಬೆಳೆ ಹಾಕದೆ ಸ್ವಲ್ಪ ಭಾಗಕ್ಕೆ ರಾಗಿ, ತೊಗರಿ ಹಾಕುವುದು, ಭತ್ತದ ಸಾಲ ಮಾಡುವ ಮೊದಲು ಜಲಾಶಯದ ಮಟ್ಟ ನೋಡುವುದು ನಮ್ಮ ಕೈಯಲ್ಲಿದೆ. ನಾಲೆಯ ನೀರನ್ನು ಕೊನೇ ಭಾಗದವರೆಗೆ ಹಂಚುವುದು ಸರ್ಕಾರದ ಕೈಯಲ್ಲಿದೆ. 1877ರಲ್ಲಿ ಮುನ್ಸೂಚನೆಯೂ ಇರಲಿಲ್ಲ, ಕೇಳುವ ಹಕ್ಕೂ ಇರಲಿಲ್ಲ. ಈಗ ಎರಡೂ ಇವೆ.